ಎಡಗಾಲಿನ ಮೂಲೆ

ಐಸ್ ಹಾಕಿ ತರಬೇತಿ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬನೂ ಒಂಟಿಯಾಗಿ ಜಾರಿಕೊಂಡು ಬಂದು ಗೋಲಿಗೆ ಹೊಡೆಯಬೇಕು. ಗೋಲು ಹೊಡೆಯದವನು ಐಸ್ ಮೇಲೆ ಚೆಲ್ಲಾಡಿದ ರಬ್ಬರ್ ಬಿಲ್ಲೆಗಳನ್ನು, ಅಂದರೆ ಪಕ್‌ಗಳನ್ನು ಹೆಕ್ಕಿ ಬಕೆಟ್ಟಿಗೆ ತುಂಬಬೇಕು. ಇಲ್ಮಾರಿ ಈ ತಂಡ ಸೇರುವ ಮೊದಲಿನಿಂದಲೂ ನಡೆದುಬಂದ ಕಟ್ಟಳೆ ಅದು. ಆ ಶುಕ್ರವಾರ ಯಾರೂ ಗೋಲು ಹೊಡೆಯಲಿಲ್ಲ. ಗೋಲ್ ಕೀಪರ್ ಇಲ್ಮಾರಿ ಎಲ್ಲವನ್ನೂ ತಡೆದ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಕೀಪರ್‌ಗಳ ಕೋಚ್ ರೈಮೊ ಗಾಜಿನಾಚೆ ಕಾಫಿ ಲೋಟ ಹಿಡಿದು ನಿಂತಿದ್ದ. ಬರುವ ಸೀಸನ್ನಿಗೆ ಮೊದಲ ಕೀಪರ್ ಯಾರೆಂದು ಸಂಜೆಯೊಳಗೆ ಅವನು ಮ್ಯಾನೇಜರನಿಗೆ ಹೇಳಬೇಕಿತ್ತು: ಮೂವತ್ತೈದರ ಇಲ್ಮಾರಿಯೋ, ಇನ್ನೂ ಮೀಸೆ ಸರಿಯಾಗಿ ಬಾರದ ಒನ್ನಿಯೋ. ಎರಡನೇ ಕೀಪರ್ ಆದವನು ಟೋಪಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಐಸಿಗೆ ಹೋಗಿ ಬರುವಾಗ ಅಲ್ಲಿನ ಬಾಗಿಲು ತೆರೆದು ಮುಚ್ಚಬೇಕು. ಇಲ್ಮಾರಿಗೆ ಆ ಬಾಗಿಲಿನ ಚಿಲಕದ ಸದ್ದು ಆಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು.

ಆಮೇಲೆ ಸೌನಾದ ಹಬೆಕೋಣೆಯಲ್ಲಿ ಅವನಿಗೆ ಕೂರಲಾಗಲಿಲ್ಲ. ಮೇಲಿನ ಹಲಗೆ ಹತ್ತಿದ, ಇಳಿದ, ಮತ್ತೆ ಹತ್ತಿದ.

"ಮುದ್ಕಪ್ಪ, ಒಂದ್ ಕಡೆ ಕೂತ್ಕೊ. ನಿನ್ನ ನೋಡಿನೇ ಬೆವರು ಬರ್ತಿದೆ, ಒಲೆ ಬೇಡ ನಂಗೆ," ಎಂದ ಯಾರ್ಕೊ. ತಂಡದ ನಾಯಕ, ಡಿಫೆಂಡರ್. ಕಾದ ಕಲ್ಲುಗಳ ಮೇಲೆ ನೀರು ಸುರಿದ. ಹಬೆ ಬುಸುಗುಟ್ಟಿತು.

ಆಗ ಇಲ್ಮಾರಿಗೆ ಹೊಳೆಯಿತು. ಯಾರ್ಕೊನಿಗೆ ಬರುವುದು ಒಂದೇ ವಿದ್ಯೆ. ಎಷ್ಟೋ ವರ್ಷದಿಂದ ಅವನು ಹೊಡೆಯುವುದು ಕೀಪರನ ಎಡಗಾಲಿನ ಪಕ್ಕ, ನೆಲಕ್ಕೆ ಒರಸಿಕೊಂಡು. ಇವತ್ತು ಪಕ್ಕನ್ನು ಎದೆಯೆತ್ತರಕ್ಕೆ ಎತ್ತಿ ಕೈಗೇ ಕೊಟ್ಟಂತೆ ಕೊಟ್ಟಿದ್ದ.

"ಯಾರ್ಕೊ, ಕೆಳಗ್ ಯಾಕೆ ಹೊಡೀಲಿಲ್ಲ?"

"ಮೇಲೆ ಹೊಡೀಬೇಕು ಅನ್ನಿಸ್ತು, ಹೊಡ್ದೆ."

"ನೀನೊಬ್ನೇ ಅಲ್ಲ. ಯಾರೂ ಹೊಡೀಲಿಲ್ಲ. ಈ ತಿಂಗ್ಳು ಪೂರ್ತಿ ಎಡಗಾಲ್ ಕಡೆ ಒಂದೂ ಬಂದಿಲ್ಲ."

ಯಾರ್ಕೊ ಸೌನಾದ ರೂಢಿಯಂತೆ ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ತನ್ನ ಬೆನ್ನಿಗೆ ಎರಡೇಟು ಹಾಕಿಕೊಂಡ. "ನಿನ್ನ ಸೊಂಟದ ವಿಷ್ಯ ನಮಗ್ ಗೊತ್ತಿಲ್ವಾ? ಶೂ ದಾರ ಕಟ್ಟೋಕೆ ಗೋಡೆ ಹಿಡ್ಕೋತೀಯ. ಯಾರೂ ಕೂತು ಮಾತಾಡ್ಕೊಂಡಿಲ್ಲ ಮಾರಾಯ. ತಾನಾಗೇ ಆಯ್ತು. ಒಬ್ಬ ಪಕ್ ಹೆಕ್ಕಿದ್ರೆ ಏನ್ ಸಾಯ್ತಾನಾ?"

"ಸೆಪ್ಟೆಂಬರಲ್ಲಿ ಸೀಸನ್ ಶುರುವಾದ್ರೆ ಎದುರಾಳಿಗಳೂ ಹೀಗೇ ಅಯ್ಯೋ ಪಾಪ ಅಂತಾರಾ?"

ಬಾಗಿಲು ತೆರೆದು ರೈಮೊ ತಲೆ ಹಾಕಿದ. "ಇಲ್ಮಾರಿ, ನೋಡ್ದೆ. ಕೈ ಇನ್ನೂ ಚುರುಕಾಗಿದೆ. ನಿನ್ನ ಹೆಸರೇ ಹೇಳ್ತೀನಿ, ಫೋನ್ ಮಾಡೋಕ್ ಹೊರಟೆ."

ಇಲ್ಮಾರಿಗೆ ಬೇಕಾಗಿದ್ದ ಮಾತು ಅದೇ. ಯಾರ್ಕೊ ಕೆಳಗೆ ನೋಡುತ್ತ ಹಲಗೆಯ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದ. ಮುಂದಿನದು ಇಲ್ಮಾರಿಗೆ ಕಂಡಿತು: ತಾನು ಮೊದಲ ಕೀಪರ್ ಆಗುತ್ತೇನೆ, ಮೊದಲ ಪಂದ್ಯದಲ್ಲೇ ಎದುರಾಳಿಗಳು ಆ ಮೂಲೆ ಪತ್ತೆ ಹಚ್ಚುತ್ತಾರೆ, ಆಗ ತಾನು ಬೆಂಚಿಗಲ್ಲ, ಮನೆಗೆ.

"ಫೋನ್ ಆಮೇಲ್ ಮಾಡು," ಎಂದ ಇಲ್ಮಾರಿ. "ಯಾರ್ಕೊ, ಏಳು."

"ಹುಚ್ಚಾ ನಿಂಗೆ? ಮೈ ತೊಳ್ದಾಯ್ತಲ್ಲ."

"ಏಳು ಅಂದೆ."

ಒದ್ದೆ ಕಾಲುಚೀಲಕ್ಕೆ, ತಣ್ಣಗಾದ ಬೆವರಿನ ಜೆರ್ಸಿಗೆ ಮತ್ತೆ ಮೈ ತುರುಕುವಾಗ ಅವನಿಗೆ ಹೇಸಿಗೆಯಾಯಿತು. ಖಾಲಿ ರಿಂಕಿನಲ್ಲಿ ಯಾರ್ಕೊ ಪಕ್ಕನ್ನು ತಳ್ಳಿಕೊಂಡು ಬಂದ. ಮೊದಲ ಹೊಡೆತ ನಿಧಾನ, ಅದರಲ್ಲಿ ಇನ್ನೂ ಮರುಕ.

"ಸರಿಯಾಗ್ ಹೊಡಿ. ಇಲ್ಲಾಂದ್ರೆ ನಿನ್ನ ಡಿಫೆನ್ಸ್ ಬಗ್ಗೆ ಎಲ್ರೆದುರು ಮಾತಾಡ್ತೀನಿ."

ಯಾರ್ಕೊ ಎಡಗಾಲಿನ ಪಕ್ಕಕ್ಕೇ ಹೊಡೆದ. ಇಲ್ಮಾರಿಗೆ ಪಕ್ ಕಂಡಿತು, ಕೋಲು ತಿರುಗುವ ಮೊದಲೇ ಎಲ್ಲಿಗೆ ಬರುತ್ತದೆಂದು ತಿಳಿಯಿತು. ಕಾಲು ಮಾತ್ರ ತಡವಾಗಿ ಬಂತು. ಸೊಂಟದೊಳಗೆ ಯಾರೋ ತುಕ್ಕು ಹಿಡಿದ ಕೀಲು ತಿರುವಿದಂತಾಯಿತು. ಹಿಂದಿನಿಂದ ಪಕ್ ಗೋಲಿನ ಬಲೆಗೆ ಬಿದ್ದ ಸದ್ದು. ಮತ್ತೆ ಅದೇ. ಮತ್ತೆ ಅದೇ.

ರೈಮೊ ಐಸಿನಂಚಿಗೆ ಬಂದು ನಿಂತ. ಕಾಫಿ ಎಲ್ಲೋ ಬಿಟ್ಟಿದ್ದ.

"ನಾನು ನಿನ್ನ ಕೈ ನೋಡ್ತಾ ಕೂತಿದ್ದೆ," ಎಂದ. "ಎಲ್ಲಿಗ್ ಬರುತ್ತೆ ಅಂತ ಮೊದಲೇ ಗೊತ್ತಾಗ್ತಿತ್ತಾ?"

"ಪ್ರತಿಯೊಂದೂ ಗೊತ್ತಾಗ್ತಿತ್ತು."

"ಒನ್ನಿಗೆ ಅದು ಗೊತ್ತಾಗಲ್ಲ. ಕಾಲ್ ಮಾತ್ರ ಬೆಕ್ಕಿನ ಹಾಗೆ."

"ದಿನಾ ಕೇಳ್ತಾನೆ, ಹೇಗ್ ಗೊತ್ತಾಗುತ್ತೆ ಅಂತ. ಕಿವಿ ಕೇಳ್ಸಲ್ಲ ಅನ್ನೋ ಹಾಗೆ ಹೋಗ್ತಾ ಇದ್ದೆ."

"ಮ್ಯಾನೇಜರಿಗೆ ನೀನು ಎರಡನೇ ಕೀಪರ್ ಅಂತ ಹೇಳ್ಬೇಕಾಗುತ್ತೆ. ಅವನ್ ಜೊತೆ ಕೆಲಸ ಮಾಡ್ತೀಯ ಅಂತಾನೂ ಹೇಳ್ಲಾ?"

"ಸೋಮವಾರ ಬೇಗ ಬರೋಕೆ ಹೇಳು ಅವನಿಗೆ. ಬೆಂಚಿನ ಬಾಗಿಲ ಚಿಲಕಕ್ಕೆ ಎಣ್ಣೆ ಹಾಕ್ಸು. ಕಿರಗುಟ್ಟುತ್ತೆ."

ರೈಮೊ ಫೋನ್ ತೆಗೆದು ಆಚೆ ಹೋದ. ಯಾರ್ಕೊ ಬಕೆಟ್ ಎತ್ತಿಕೊಳ್ಳಲು ಬಾಗಿದ.

"ಬಿಡು," ಎಂದ ಇಲ್ಮಾರಿ. "ನೀನು ಗೋಲ್ ಹೊಡ್ದಿದೀಯ."

ಬಾಗಲಾಗದೆ ಮಂಡಿಯೂರಿದ. ಬಲೆಯೊಳಗೆ ಕೈ ಹಾಕಿ ಒಂದೊಂದೇ ಪಕ್ಕನ್ನು ಹೊರಗೆಳೆದು ಬಕೆಟ್ಟಿಗೆ ಹಾಕತೊಡಗಿದ.