ಮಷೀನಿಗೆ ಹೊದಿಸಿದ ದುಪಟ್ಟಾ

ಸಾಯಿಮಾ ಅಮ್ಮನ ಹಳೆಯ ದುಪಟ್ಟಾ ಒಗೆಯುತ್ತಿದ್ದಳು. ಎಷ್ಟು ಹಿಂಡಿದರೂ ನೀರು ಹಿಟ್ಟು ಕಲಸಿದಂತೆ ಬೆಳ್ಳಗೇ ಬರುತ್ತಿತ್ತು. ಇಷ್ಟು ಕಲ್ಲಿನ ಪುಡಿ ಇದಕ್ಕೆಲ್ಲಿಂದ ಬಂತೆಂದು ಕೇಳಿದಾಗ ಅಮ್ಮ ಹುಸೇನಮಾ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಮಾಳಗಿ ಮ್ಯಾಲಿನ ಮಷೀನಿಗೆ ಹೊಚ್ಚಿದ್ನಿ. ಮಂದಿ ವಸ್ತು, ನಮ್ಮನ್ನ ನಂಬಿ ಇಟ್ಟಾರ. ಧೂಳ ಹೋಗಿ ಕೆಟ್ಟರ ಯಾರಿಗೆ ಹೇಳೂನು?"

ಸಾಯಿಮಾಳ ಕೈ ಬಕೀಟಿನಲ್ಲೇ ನಿಂತಿತು. ಆ ಮಷೀನು ಇದ್ದದ್ದೇ ಧೂಳು ಹಿಡಿಯಲಿಕ್ಕೆ.

ಯರಗಟ್ಟಿ ರಸ್ತೆಯ ಅವರ ಊರ ಮಗ್ಗುಲಿಗೆ ಒಂದು ಕಲ್ಲಿನ ಕ್ರಷರ್ ಇತ್ತು. ಅದರವರು ಈಗ ಇನ್ನೊಂದಕ್ಕೆ ಅನುಮತಿ ಕೇಳಿದ್ದರು. ಗಾಳಿಯ ಲೆಕ್ಕ ಹಾಕಿದ ಕಂಪ್ಯೂಟರು, ಧೂಳೆಲ್ಲ ಹೊಲಗಳ ಕಡೆ ಹೋಗುತ್ತದೆ, ಊರಿಗೆ ಬರುವುದು ಅಲ್ಪ ಎಂದಿತ್ತು. ಆ ಮಾತು ಖರೆಯೋ ಅಲ್ಲವೋ ನೋಡಲು ಇಂಜಿನಿಯರ್ ಕಲ್ಮೇಶ ಇವರ ಮಾಳಿಗೆಯ ಮೇಲೆ ಗಾಳಿ ಎಳೆಯುವ ಮಷೀನು ಇಟ್ಟಿದ್ದ. ದಿನಾ ಮುಂಜಾನೆ ಬಂದು ಅದರೊಳಗಿನ ಕಾಗದ ಬದಲಿಸಿ, ಅದು ಹಿಡಿದ ಧೂಳನ್ನು ತೂಗಲು ಒಯ್ಯುತ್ತಿದ್ದ. ಅವನು ಹೋದ ಮೇಲೆ ಹುಸೇನಮಾ ದುಪಟ್ಟಾ ಹೊದಿಸುವಳು, ಅವನ ಕೆಲಸಕ್ಕೆ ಅಡ್ಡಿಯಾಗದಿರಲೆಂದು ಬರುವ ಮೊದಲು ತೆಗೆಯುವಳು. ಗಂಡಸರು ಓಡಾಡುವ ಜಾಗವೆಂದು ಸಾಯಿಮಾ ಅತ್ತ ಹತ್ತಿರಲೇ ಇಲ್ಲ.

ಇವತ್ತು ಮಷೀನು ಒಯ್ಯುವ ದಿನ. ಕಲ್ಮೇಶನ ಮುಖ ಅರಳಿತ್ತು. ಹಿಂದೊಮ್ಮೆ ಕಿತ್ತೂರಿನ ಹೈವೇ ಬದಿಯಲ್ಲಿ ಕಂಪ್ಯೂಟರು ಏರಿಗೆ ಎಳೆದರೆ ಮಷೀನು ನೀರಿಗೆ ಎಳೆದು, ಮೇಲಿನವರಿಂದ ಅವನು ಬೈಸಿಕೊಂಡಿದ್ದ. ಇಲ್ಲಿ ಎರಡರ ಲೆಕ್ಕಕ್ಕೂ ಕೂದಲೆಳೆಯ ಫರಕಿಲ್ಲ. ಮಷೀನು ಗಾಳಿ ಎಳೆದದ್ದು ತುಸು ಕಡಿಮೆಯೇ, ಕರೆಂಟ್ ಡಲ್ ಇದ್ದೀತು ಎಂದು ಗಟ್ಟಿಯಾಗಿಯೇ ತನಗೆ ತಾನು ಸಮಾಧಾನ ಹೇಳಿಕೊಂಡ.

"ಜಾತಕ ಕೂಡಿ ಬಂತಲ್ರಿ ಸಾಹೇಬ್ರ," ಎಂದ ಡ್ರೈವರ್ ಅಂದಾನೆಪ್ಪ, "ಇನ್ನ ಅಕ್ಕಿಕಾಳ ಒಗದಬಿಡ್ರಿ."

ಸಾಯಿಮಾ ಬಾಗಿಲ ಹಿಂದೆ ನಿಂತಳು, ಒಳಗೆ ಹೋದಳು, ಮತ್ತೆ ಬಂದಳು. ಹೇಳಿದರೆ ಮಂದಿಯ ಎದುರು ಅಮ್ಮನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಊರ ಗಾಳಿ ಚೊಕ್ಕ ಇದೆಯೆಂದು ಬರೆದು ಒಯ್ಯುತ್ತಾರೆ, ಎರಡನೆಯ ಕ್ರಷರ್ ಬರುತ್ತದೆ. ಒಳಗೆ ಅಣ್ಣನ ಮಗಳು ಮಹೇಕ್ ಕೆಮ್ಮುತ್ತಿದ್ದಳು. ಕೂಸಿಗೆ ಧೂಳು ತಾಗಗೊಡಬೇಡಿರಿ ಎಂದು ಸವದತ್ತಿಯ ಡಾಕ್ಟರು ಹೇಳಿದ್ದರು. ಇರುವ ಒಂದು ಕ್ರಷರಿಗೇ ಅವಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

ಮಷೀನು ಕೆಳಗಿಳಿಯಿತು. ಸಾಯಿಮಾ ಅಂಗಳಕ್ಕೆ ಬಂದಳು. ನೆಲ ನೋಡುತ್ತಲೇ ಹೇಳಿದಳು.

"ಕರೆಂಟ್ ಡಲ್ ಆಗಿ ಅಲ್ರಿ ಸರ್. ಅಮ್ಮ ದಿನಾ ಅದಕ್ಕ ದುಪಟ್ಟಾ ಹೊಚ್ಚತಿದ್ಲರಿ. ಧೂಳ ಹತ್ತಬಾರದಂತ."

ಚಹಾ ತಂದಿದ್ದ ಹುಸೇನಮಾ ನಿಂತಲ್ಲೇ ನಿಂತಳು. ಕಲ್ಮೇಶ ಅವಳನ್ನು ನೋಡಿದ, ಮೊಬೈಲ್ ನೋಡಿದ.

"ನಾಳಿಗೆ ರಿಪೋರ್ಟ್ ಕೊಡೂದೈತಿ," ಎಂದ, ಯಾರಿಗೆ ಹೇಳಿದನೋ. "ಎರಡೂ ಲೆಕ್ಕ ಕೂಡ್ಯಾವಲ್ಲ."

ಅಂದಾನೆಪ್ಪ ಜೀಪಿನ ಹಿಂದೆ ಹಗ್ಗ ಬಿಗಿಯತೊಡಗಿದ. ಇನ್ನಷ್ಟು ದಿನ ಇಡಿರಿ ಎಂದು ಸಾಯಿಮಾ ಕೇಳಿದಳು. ಕಲ್ಮೇಶ ಮುಂದಿನ ಬಾಗಿಲು ತೆಗೆದು ಕುಳಿತ. ಅವಳು ಕಿಟಕಿಯ ತನಕ ಹೋದಳು.

"ಇನ್ನೊಂದ ಎಂಟ ದಿನ ಇಡ್ರಿ ಸರ್, ಏನೂ ಹೊಚ್ಚಲಾರದ."