ಟ್ರೇಲರ್ ಹಡಗಿಗೆ, ಡೆಲ್ಫೊ ಮನೆಗೆ

ಕಿತ್ತಳೆ ಕೊಯ್ಲು ಶುರುವಾಯಿತೆಂದರೆ ಲೆಂತಿನಿ ಊರಿನ ಲಾರಿ ಮನೆಗಳ ಹೆಂಗಸರು ಫೋನನ್ನು ಮೇಜಿನ ಮೇಲೆ ಇಡುವುದಿಲ್ಲ. ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ಒಲೆಯ ಮುಂದೆ ನಿಲ್ಲುತ್ತಾರೆ. ಗಂಡಸರು ಕೆಂಪು ಕಿತ್ತಳೆ ತುಂಬಿಕೊಂಡು ಉತ್ತರಕ್ಕೆ ಹೋಗಿರುತ್ತಾರೆ. ಮೆಸ್ಸಿನಾ ಜಲಸಂಧಿ ದಾಟಿದೆ ಎಂದು ಒಂದು ಕರೆ ಬರಬೇಕು, ನೇಪಲ್ಸ್ ದಾಟಿದೆ ಎಂದು ಒಂದು, ಮಿಲಾನಿನ ಮಾರುಕಟ್ಟೆಯಲ್ಲಿ ಸರಕು ಇಳಿಸಿದೆ ಎಂದು ಇನ್ನೊಂದು. ಒಂದು ಕರೆಗೂ ಇನ್ನೊಂದಕ್ಕೂ ನಡುವೆ ಜಪಮಾಲೆಯ ಮಣಿಗಳು ಬೆರಳುಗಳಲ್ಲಿ ಸರಿಯುತ್ತಿರುತ್ತವೆ.

ಪಿಪ್ಪಿನಾ ಮದುವೆಯಾದಂದಿನಿಂದ ಹೀಗೇ ಕಾಯುತ್ತಾ ಬಂದವಳು. ಮೂರು ಚಳಿಗಾಲಗಳ ಹಿಂದೆ ಅವಳಿಗೆ ಮೊದಲ ಕರೆ ಬಂತು, ಎರಡನೆಯದು ಬರಲಿಲ್ಲ. ಕಲಾಬ್ರಿಯಾದ ಬೆಟ್ಟದ ಹೆದ್ದಾರಿಯಲ್ಲಿ, ಬೆಳಗಾಗುವ ಹೊತ್ತಿಗೆ, ಹಿರಿಯ ಮಗ ಅಲ್ಫಿಯೊನ ಕಣ್ಣು ಒಂದು ಗಳಿಗೆ ಮುಚ್ಚಿತ್ತು. ಲಾರಿಯನ್ನು ರಿಪೇರಿ ಮಾಡಿಸಿದರು. ಗಂಡ ಚಿರೀನೊ ಟ್ರೇಲರಿನ ಹಿಂಬಾಗಿಲ ಮೇಲೆ ದೊಡ್ಡ ನೀಲಿ ಅಕ್ಷರಗಳಲ್ಲಿ ಮಗನ ಹೆಸರು ಬರೆಸಿದ. ಪಿಪ್ಪಿನಾ ದೇವರ ಚಿತ್ತವನ್ನು ಪ್ರಶ್ನಿಸುವವಳಲ್ಲ. ಆದರೆ ನಿದ್ದೆಗೆಟ್ಟ ಮಗನನ್ನು ಆ ದಾರಿಗೆ ಕಳಿಸಿದ್ದು ದೇವರಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಈ ಜನವರಿಯಲ್ಲಿ ಚಿರೀನೊನ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಚಳಿಗಾಲ ಮುಗಿಯುವವರೆಗೆ ಲಾರಿ ಮುಟ್ಟಬೇಡ ಎಂದು ವೈದ್ಯರು ಹೇಳಿದರು. ಲಾರಿ ನಿಂತರೆ ವರ್ಷದ ದುಡಿಮೆಯೇ ನಿಂತಂತೆ. ಆಗ ಕಿರಿಯ ಮಗ ಡೆಲ್ಫೊ, "ನಾನು ಹೋಗ್ತೀನಿ" ಎಂದ. ಅವನ ಬಳಿ ಪರವಾನಗಿ ಇತ್ತು, ತೋಟದಿಂದ ಊರಿನ ಗೋದಾಮಿಗೆ ಲಾರಿ ಓಡಿಸಿ ಅಭ್ಯಾಸವೂ ಇತ್ತು. ಮಂಗಳವಾರ ಮೊದಲ ಲೋಡು ಎಂದು ಗೊತ್ತಾಯಿತು. ಅಂದಿನಿಂದ ಪಿಪ್ಪಿನಾ ಜಪಮಾಲೆಯನ್ನು ಕೆಳಗಿಡಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬರುವಾಗ ವೆನೆರಾ ಅವಳ ಜೊತೆಗೇ ಮನೆಗೆ ಬಂದಳು. ವೆನೆರಾ ಪಕ್ಕದ ಬೀದಿಯವಳು, ಲಾರಿ ಮಾಲೀಕರ ಸಂಘದ ಕಚೇರಿ ನೋಡಿಕೊಳ್ಳುವವಳು. ಜ್ಞಾನಸ್ನಾನದ ದಿನ ಡೆಲ್ಫೊನನ್ನು ಎತ್ತಿಕೊಂಡ ಧರ್ಮತಾಯಿ ಅವಳೇ. ಅಂದಿನಿಂದ ಎರಡು ಮನೆಯವರೂ ಒಬ್ಬರನ್ನೊಬ್ಬರು, ನೆಂಟರ ಹಾಗೆ, ಹೆಂಗಸರಾದರೆ ಕುಮ್ಮಾರಿ, ಗಂಡಸರಾದರೆ ಕುಂಪಾರಿ ಎಂದೇ ಕರೆಯುವುದು.

ಚಿರೀನೊ ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಡೆಲ್ಫೊ ಬ್ರೆಡ್ಡು ತಿನ್ನುತ್ತಿದ್ದ.

"ಏನು ಕುಂಪಾರಿ, ಸಿನಿಮಾದವರ ಥರ ಕಾಣ್ತಿದೀಯಲ್ಲ," ಎಂದಳು ವೆನೆರಾ.

"ಸಿನಿಮಾದವರಿಗೆ ದುಡ್ಡಾದ್ರೂ ಬರುತ್ತೆ. ಕೂತ್ಕೋ, ಕಾಫಿ ಕುಡಿ. ಏನೋ ಹೇಳಕ್ಕೆ ಬಂದಿದೀಯ, ನಿನ್ನ ಮುಖ ಹೇಳ್ತಿದೆ."

"ಈ ಕನ್ನಡಕದಲ್ಲಿ ನನ್ನ ಮುಖ ಕಾಣುತ್ತಾ ನಿಂಗೆ?"

"ಮೂವತ್ತು ವರ್ಷದಿಂದ ನೋಡ್ತಿರೋ ಮುಖ. ಕಣ್ಣು ಬೇಕಾಗಿಲ್ಲ."

ವೆನೆರಾ ಕಾಫಿಗೆ ಸಕ್ಕರೆ ಕದಡಿದಳು. "ಮಂಗಳವಾರದ ಲೋಡು ಹಡಗಲ್ಲಿ ಕಳ್ಸು. ಕತಾನಿಯಾ ಬಂದರಲ್ಲಿ ಹತ್ತಿಸಿದ್ರೆ ಉತ್ತರದ ಲಿವೊರ್ನೊದಲ್ಲಿ ಇಳಿಯುತ್ತೆ. ಅಲ್ಲಿಂದ ಮಿಲಾನಿಗೆ ಅರ್ಧ ದಿನದ ದಾರೀನೂ ಇಲ್ಲ."

"ಓ, ಶುರುವಾಯ್ತು," ಎಂದ ಚಿರೀನೊ. "ಬ್ರಸೆಲ್ಸಲ್ಲಿ ಸೂಟು ಹಾಕ್ಕೊಂಡು ಕಾನೂನು ಮಾಡೋರು ಹೇಳಿದ್ದನ್ನ ನೀನು ಇಲ್ಲಿ ಬಂದು ಒಪ್ಪಿಸ್ತೀಯ. ಲಾರಿಗಳನ್ನ ರಸ್ತೆಯಿಂದ ಇಳಿಸಿ, ಸಮುದ್ರಕ್ಕೆ ಕಳ್ಸಿ, ಹೊಗೆ ಕಮ್ಮಿ ಮಾಡಿ. ನಾನು ಹುಟ್ಟಿದ್ದೇ ರಸ್ತೆ ಮೇಲೆ. ಹಡಗಿಗೂ ನಮಗೂ ಏನು ಸಂಬಂಧ?"

"ಮತ್ತೆ ಮೆಸ್ಸಿನಾದಲ್ಲಿ ಏನ್ಮಾಡ್ತೀಯ? ಲಾರಿ ಹೊತ್ಕೊಂಡು ಈಜ್ತೀಯಾ?"

ಡೆಲ್ಫೊ ನಕ್ಕ. ತಂದೆ ಅವನ ಕಡೆ ತಿರುಗಿದೊಡನೆ ಬ್ರೆಡ್ಡಿನ ತುಂಡು ಬಾಯಿಗಿಟ್ಟುಕೊಂಡ.

"ಅದು ಬೇರೆ," ಎಂದ ಚಿರೀನೊ. "ಅಲ್ಲಿ ಒಂದು ಸಿಗರೇಟು ಸೇದೋದ್ರಲ್ಲಿ ಆಚೆ ದಡ ಬರುತ್ತೆ. ಇದು ನೋಡು, ಇಡೀ ದಿನದ ಹಡಗು. ನಾನೇನು ಗೊತ್ತಿಲ್ಲದೆ ಮಾತಾಡ್ತಿಲ್ಲ. ಹೋದ ವರ್ಷ ಮಾಡಿ ನೋಡಿದೀನಿ. ನಷ್ಟ. ಹಡಗಿನವರಿಗೆ ಇಡೀ ಲಾರಿ ಉದ್ದಕ್ಕೆ ಬಾಡಿಗೆ ಕೊಟ್ಟೆ. ಇಂಜಿನ್ನಿರೋ ಲಾರಿಯ ತಲೆ ಹಡಗಿನ ಕೆಳಗಿನ ಅಂತಸ್ತಲ್ಲಿ ಸುಮ್ನೆ ನಿಂತಿತ್ತು, ನಾನು ಮೇಲೆ ಸುಮ್ನೆ ಕೂತಿದ್ದೆ. ಇಳಿದು ಮಿಲಾನಿಗೆ ಹೋಗಿ, ವಾಪಸ್ ಬರೋಷ್ಟರಲ್ಲಿ ವಾರ ಹೋಯ್ತು. ಇನ್ನೊಂದ್ಸಲ ಹೇಳಬೇಡ."

ವೆನೆರಾ ಚಮಚ ಕೆಳಗಿಟ್ಟಳು. "ತಲೇನೂ ಹತ್ತಿಸಿದೆಯಾ?"

"ಮತ್ತೆ? ಟ್ರೇಲರ್ ತಾನಾಗೇ ನಡ್ಕೊಂಡು ಹೋಗುತ್ತಾ?"

"ಕುಂಪಾರಿ, ದೋಣಿಗೆ ಬರೀ ಗಾಡಿ ಹಾಕೋದು ಬಿಟ್ಟು ಕುದುರೆಗೂ ಟಿಕೆಟ್ ತಗೊಂಡಿದೀಯ ನೀನು."

ಚಿರೀನೊಗೆ ಸಿಟ್ಟು ಬಂತು. ಆದರೆ ಕೇಳಿದ. ವೆನೆರಾ ಮೇಜಿನ ಮೇಲಿದ್ದ ಬ್ರೆಡ್ಡನ್ನೂ ಉಪ್ಪಿನ ಡಬ್ಬಿಯನ್ನೂ ಒಂದರ ಹಿಂದೆ ಒಂದು ಇಟ್ಟಳು. ಉಪ್ಪಿನ ಡಬ್ಬಿ ಲಾರಿಯ ತಲೆ, ಬ್ರೆಡ್ಡು ಟ್ರೇಲರ್. ಡೆಲ್ಫೊ ಬಂದರಿನವರೆಗೆ ಎಳೆದುಕೊಂಡು ಹೋಗಿ ಅಲ್ಲಿ ಕೊಕ್ಕೆ ಬಿಚ್ಚುತ್ತಾನೆ. ಬಂದರಿನ ಎಳೆಯುವ ಗಾಡಿ ಟ್ರೇಲರನ್ನು ಮಾತ್ರ ಹಡಗಿನ ಒಳಗೆ ನಿಲ್ಲಿಸುತ್ತದೆ. ಹಡಗಿನ ವಿದ್ಯುತ್ತಿಗೆ ತಂತಿ ಸಿಕ್ಕಿಸಿದರೆ ಒಳಗಿನ ತಂಪು ಹಾಗೇ ಉಳಿಯುತ್ತದೆ. ಲಿವೊರ್ನೊದಲ್ಲಿ ಅಲ್ಲಿನ ಸಂಘದವನೊಬ್ಬ ತನ್ನ ಲಾರಿಯ ತಲೆಗೆ ಅದನ್ನು ಕಟ್ಟಿಕೊಂಡು ಮಿಲಾನಿಗೆ ಒಯ್ಯುತ್ತಾನೆ. ಅವನೇ ಕಳಿಸಿದ ಇನ್ನೊಂದು ಟ್ರೇಲರ್ ಕತಾನಿಯಾದಲ್ಲಿ ಬಂದಿಳಿದಿರುತ್ತದೆ. ಅದನ್ನು ಡೆಲ್ಫೊ ಕಟ್ಟಿಕೊಂಡು ಬರುತ್ತಾನೆ. ಬರಿಗೈಯಲ್ಲಿ ಬರುವುದಿಲ್ಲ.

"ಗಾಳಿ ಎದ್ದರೆ?" ಎಂದ ಚಿರೀನೊ. "ಹಡಗು ಬಂದರಲ್ಲೇ ಕೂತರೆ? ಹಣ್ಣು ಕಾಯುತ್ತಾ?"

"ಕೆಲವು ಸಲ ಕೂರುತ್ತೆ. ಸುಳ್ಳು ಹೇಳಲ್ಲ. ಅದಕ್ಕೇ ಒಂದು ದಿನ ಮುಂಚೆ ಕೊಯ್ಬೇಕು, ವ್ಯಾಪಾರಿಗೆ ಮೊದಲೇ ಹೇಳಿರ್ಬೇಕು. ನಾಳೆ ಬೆಳಿಗ್ಗೇನೇ ಬೇಕು ಅನ್ನೋ ಹಣ್ಣನ್ನ ಹಡಗಿಗೆ ಹಾಕಬಾರದು. ಕಿತ್ತಳೆ ಅಷ್ಟು ನಾಜೂಕಲ್ಲ, ಅದು ನಿನಗೆ ಗೊತ್ತು."

"ಹಡಗಿನ ದರಾನೂ ಏರಿಸಿದಾರೆ. ಹಡಗಿನ ಹೊಗೆಗೂ ತೆರಿಗೆ ಅಂತೆ."

"ಏರಿದೆ. ಅದಕ್ಕೇ ಸಮುದ್ರದ ದಾರಿ ಹಿಡಿದವರಿಗೆ ಸಹಾಯಧನ ಇರೋದು. ಅದು ತಾನಾಗಿ ನಿನ್ನ ಮನೆ ಬಾಗಿಲಿಗೆ ಬರಲ್ಲ. ಯಾರಿಗೆ ಎಷ್ಟು, ಈ ವರ್ಷ ಇದೆಯೋ ಇಲ್ಲವೋ, ಸಂಘಕ್ಕೆ ಬಂದು ಕೇಳ್ಬೇಕು. ಒಬ್ಬೊಬ್ಬರೇ ಹೋದ್ರೆ ಹಡಗಿನವರು ಮಾತಾಡಲ್ಲ. ಹತ್ತು ಮನೆಯವರು ಒಟ್ಟಿಗೆ ಹೋದ್ರೆ ದರ ಇಳಿಸ್ತಾರೆ. ಆದ್ರೆ ಇಂಜಿನ್ನನ್ನೂ ಹತ್ತಿಸಿ, ಡ್ರೈವರನ್ನೂ ಹತ್ತಿಸಿದ್ರೆ ಯಾವ ಸಹಾಯಧನಾನೂ ಸಾಲದು."

ಚಿರೀನೊ ಉಪ್ಪಿನ ಡಬ್ಬಿಯನ್ನು ಮತ್ತೆ ಬ್ರೆಡ್ಡಿಗೆ ತಾಗಿಸಿಟ್ಟ. "ನಮ್ಮ ಟ್ರೇಲರ್‌ಗೆ ಬೇರೆಯವನ ಕೈ ತಾಗಬಾರದು" ಎಂದ. "ಲೆಂತಿನಿಯವನು ಯಾವತ್ತೂ ತನ್ನ ಟ್ರೇಲರ್ ಕೊಕ್ಕೆ ಬಿಚ್ಚಿ ಅಪರಿಚಿತನಿಗೆ ಕೊಟ್ಟಿಲ್ಲ. ನನ್ನಪ್ಪ ಕೊಟ್ಟಿಲ್ಲ, ನಾನೂ ಕೊಡಲ್ಲ."

ಅದು ಊರಿನ ಪದ್ಧತಿಯೇ ಹೌದು. ಹಣ್ಣು ತುಂಬಿದವನೇ ಇಳಿಸಬೇಕು, ಅದರಲ್ಲೇ ಮರ್ಯಾದೆ. ಡೆಲ್ಫೊ ಕೂಡ ತಲೆಯಾಡಿಸಿದ. "ನಾನು ಓಡಿಸ್ತೀನಮ್ಮ. ಭಯ ಪಡಬೇಡ. ನಿದ್ದೆ ಬಂದ್ರೆ ನಿಲ್ಲಿಸ್ತೀನಿ."

"ನಿನ್ನ ಅಣ್ಣಾನೂ ಹೀಗೇ ಹೇಳಿದ್ದ," ಎಂದಳು ಪಿಪ್ಪಿನಾ.

ನಿಯಮದ ಪ್ರಕಾರ ಇಷ್ಟು ಹೊತ್ತು ಓಡಿಸಿದ ಮೇಲೆ ಇಷ್ಟು ಹೊತ್ತು ಮಲಗಬೇಕು ಎಂದಿದೆ. ಆದರೆ ಮಾರುಕಟ್ಟೆಯ ಬಾಗಿಲು ಬೆಳಗಿನ ಜಾವವೇ ತೆರೆಯುತ್ತದೆ. ಮೊದಲು ಬಂದ ಹಣ್ಣಿಗೆ ಬೆಲೆ. ನಿಲ್ಲಿಸಿ ಮಲಗಿದವನನ್ನು ವ್ಯಾಪಾರಿ ಕಾಯುವುದಿಲ್ಲ. ಅದು ಆ ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿತ್ತು.

ಪಿಪ್ಪಿನಾ ವೆನೆರಾಳನ್ನು ಕೇಳಿದ್ದು ಒಂದೇ ಪ್ರಶ್ನೆ. "ನೀನು ಹೇಳಿದ ಹಾಗೆ ಮಾಡಿದ್ರೆ, ಮಂಗಳವಾರ ಸಾಯಂಕಾಲ ಇವನು ಮನೇಲಿ ಊಟ ಮಾಡ್ತಾನಾ?"

"ಮಾಡ್ತಾನೆ, ಕುಮ್ಮಾರಿ. ಬುಧವಾರಾನೂ ಮಾಡ್ತಾನೆ."

ಆಗ ಪಿಪ್ಪಿನಾ ಗಂಡನ ಎದುರಿಗೆ ಹೋಗಿ ನಿಂತಳು. ಹೋದ ವರ್ಷ ಅವನು ಯಾಕೆ ಇಂಜಿನ್ನನ್ನೂ ಹಡಗಿಗೆ ಹತ್ತಿಸಿದ, ಇಡೀ ದಿನ ಕೆಳಗಿನ ಅಂತಸ್ತಿಗೆ, ಟ್ರೇಲರಿನ ಹತ್ತಿರ, ಇಳಿಯಲು ಬಿಡಿ ಎಂದು ಹಡಗಿನವರ ಹತ್ತಿರ ಯಾಕೆ ಜಗಳ ಮಾಡಿದ ಎಂಬುದು ಅವಳಿಗೆ ಈಗ ತಿಳಿಯಿತು. ಊರಿನ ಪದ್ಧತಿ ಬರೀ ನೆಪ. ಹಿಂಬಾಗಿಲ ಮೇಲಿನ ಹೆಸರನ್ನು ಒಂಟಿಯಾಗಿ ಕಳಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

"ಚಿರೀನೊ," ಎಂದಳು ಅವಳು ಮೆಲ್ಲನೆ. "ಅಲ್ಫಿಯೊಗೆ ಇನ್ನು ಏನೂ ಆಗಲ್ಲ. ಅವನು ದೇವಮಾತೆಯ ಹತ್ತಿರ ಇದಾನೆ. ಹೆಸರು ಹೋಗಿ ಬರಲಿ ಬಿಡು. ಇರೋ ಮಗ ಇಲ್ಲಿರಲಿ."

ಚಿರೀನೊ ಕಪ್ಪು ಕನ್ನಡಕ ತೆಗೆಯಲಿಲ್ಲ. "ಆ ಲಿವೊರ್ನೊದವನ ಹೆಸರೇನು?" ಎಂದು ವೆನೆರಾಳನ್ನು ಕೇಳಿದ.

"ಉಲಿವಿಯೇರೊ. ಮೂರು ಹೆಣ್ಣು ಮಕ್ಕಳು. ಮಾತು ಜಾಸ್ತಿ, ಕೆಲಸ ಚೊಕ್ಕ."

"ಉತ್ತರದವರಿಗೆ ಕಿತ್ತಳೆ ಮುಟ್ಟೋಕೆ ಬರಲ್ಲ. ತಂಪು ಎಷ್ಟಿಡಬೇಕು ಅಂತ ನಾನೇ ಹೇಳ್ತೀನಿ ಅವನಿಗೆ."

"ಹೇಳು. ಅವನು ನಿನಗೆ ಫೋನ್ ಇಡೋಕೆ ಬಿಟ್ರೆ ಸಾಕು."

ಅಂದು ಸಂಜೆಯೇ ವ್ಯಾಪಾರಿಗೂ ಹೇಳಿದರು. ಸೋಮವಾರ ಕೊಯ್ದರು, ತುಂಬಿದರು. ಮಂಗಳವಾರ ಡೆಲ್ಫೊನ ಜೊತೆ ತಂದೆ ತಾಯಿ ಇಬ್ಬರೂ ಲಾರಿಯ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಕತಾನಿಯಾಕ್ಕೆ ಹೋದರು. ಎತ್ನಾ ಬೆಟ್ಟದ ಮೇಲೆ ಹಿಮ ಬಿಳುಪಾಗಿ ಕಾಣುತ್ತಿತ್ತು. ಬಂದರಿನ ಅಂಗಳದಲ್ಲಿ ಡೆಲ್ಫೊ ಬ್ರೇಕಿನ ಗಾಳಿಯ ಕೊಳವೆ ಬಿಚ್ಚಿದ, ದೀಪದ ತಂತಿ ಬಿಚ್ಚಿದ. ಕೊಕ್ಕೆಯ ಹಿಡಿಯನ್ನು ಎಳೆಯಹೋದಾಗ ಚಿರೀನೊ ಮುಂದೆ ಬಂದು, "ಇದು ನಾನು ಮಾಡ್ತೀನಿ" ಎಂದ. ಕಣ್ಣಿಗೆ ಧೂಳು ತಾಗಬಾರದೆಂದು ಪಿಪ್ಪಿನಾ ಅವನ ಮುಖಕ್ಕೆ ತನ್ನ ಶಾಲಿನ ಮರೆ ಹಿಡಿದಳು. ಅವನು ಹಿಡಿ ಎಳೆದ.

ಬಂದರಿನ ಗಾಡಿ ಬಂದು ಟ್ರೇಲರನ್ನು ಕಟ್ಟಿಕೊಂಡು ಹಡಗಿನ ಹೊಟ್ಟೆಯೊಳಗೆ ಹೋಯಿತು. ನೀಲಿ ಅಕ್ಷರಗಳು ಚಿಕ್ಕವಾಗುತ್ತಾ ಹೋಗಿ, ಇಳಿಜಾರು ಹತ್ತಿ, ಕತ್ತಲೆಯಲ್ಲಿ ಮರೆಯಾದವು. ಪಿಪ್ಪಿನಾ ಶಿಲುಬೆಯ ಗುರುತು ಹಾಕಿಕೊಂಡಳು. ಚಿರೀನೊ ಟೋಪಿ ತೆಗೆದು ನಿಂತಿದ್ದ.

ವಾಪಸ್ ಬರುವಾಗ ಹಿಂದೆ ಲಿವೊರ್ನೊದಿಂದ ಬಂದ ಇನ್ನೊಬ್ಬರ ಟ್ರೇಲರ್ ಇತ್ತು. ಅದರ ತುಂಬ ಕಿತ್ತಳೆ ತುಂಬುವ ರಟ್ಟಿನ ಪೆಟ್ಟಿಗೆಗಳು, ಲೆಂತಿನಿಯ ಗೋದಾಮಿಗೇ ಬಂದವು.

"ಬ್ರೇಕ್ ಹೇಗಿದೆ?" ಎಂದು ಚಿರೀನೊ ಮಗನನ್ನು ಕೇಳಿದ.

"ಚೆನ್ನಾಗಿದೆ. ನಮ್ಮದಕ್ಕಿಂತ ಚೆನ್ನಾಗಿದೆ."

"ಇಳೀತೀಯಾ ಇಲ್ಲೇ? ನಡ್ಕೊಂಡು ಬಾ."

ಆ ಸಂಜೆ ಪಿಪ್ಪಿನಾ ಬ್ರೊಕೊಲಿ ಹಾಕಿದ ಪಾಸ್ತಾ ಮಾಡಿದಳು. ಡೆಲ್ಫೊ ಎರಡು ಸಲ ಹಾಕಿಸಿಕೊಂಡು ತಿಂದ. ಅವಳ ಫೋನು ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಅಲ್ಲಿ ಇಟ್ಟದ್ದು ಅವಳಿಗೇ ನೆನಪಿರಲಿಲ್ಲ.

ಹಡಗು ಸ್ವಲ್ಪ ತಡವಾಯಿತು. ಕೊರ್ಸಿಕಾದ ಕಡೆಯಿಂದ ಗಾಳಿ ಇತ್ತಂತೆ. ಚಿರೀನೊ ಆ ಹೊತ್ತೆಲ್ಲ ಮನೆಯೊಳಗೆ ಶತಪಥ ಹಾಕುತ್ತಾ, "ನಾನು ಹೇಳಿರಲಿಲ್ಲವಾ" ಎಂದು ಕುರ್ಚಿಗಳಿಗೆ ಹೇಳುತ್ತಿದ್ದ. ಗುರುವಾರ ಫೋನು ಬಂತು. ಉಲಿವಿಯೇರೊ ಮಿಲಾನಿನಿಂದ ಮಾತಾಡುತ್ತಿದ್ದ. ಹಣ್ಣುಗಳು ಕಲ್ಲಿನಂತೆ ಗಟ್ಟಿಯಾಗಿವೆ, ವ್ಯಾಪಾರಿ ಒಂದನ್ನು ಕೊಯ್ದು ನೋಡಿ ಒಳಗಿನ ಕೆಂಪು ಬಣ್ಣವನ್ನು ಹೊಗಳಿದ ಎಂದ. ಆಮೇಲೆ, "ಹಿಂದುಗಡೆ ಬರೆದಿರೋ ಹೆಸರು ಯಾರದು, ಸ್ವಾಮಿ?" ಎಂದು ಕೇಳಿದ.

"ನನ್ನ ದೊಡ್ಡ ಮಗನದು," ಎಂದ ಚಿರೀನೊ.

"ಹಾಗಂದ್ಕೊಂಡೆ. ದಾರಿಯ ಕೆಸರು ಸಿಡಿದಿತ್ತು. ಬಟ್ಟೆ ತಗೊಂಡು ಒರೆಸಿದೀನಿ."

ಚಿರೀನೊ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಅಂಗಳಕ್ಕೆ ಹೋದ. ಸಂಜೆ ಅವನೇ ಕಾಫಿ ಅಂಗಡಿಗೆ ಹೋಗಿ, ಇಸ್ಪೀಟು ಆಡುತ್ತಿದ್ದವರ ನಡುವೆ ಕುರ್ಚಿ ಎಳೆದು ಕೂತು, ಕುದುರೆಗೆ ಟಿಕೆಟ್ ತೆಗೆದುಕೊಂಡ ತನ್ನ ಕಥೆಯನ್ನು ಹೇಳಿದನಂತೆ. ಮುಂದಿನ ಸೋಮವಾರ ವೆನೆರಾಳ ಕಚೇರಿಗೆ ಅವರಲ್ಲಿ ನಾಲ್ವರು ಬಂದರು. ಐದನೆಯವನು ಬಾಗಿಲವರೆಗೆ ಬಂದು ವಾಪಸ್ ಹೋದ. ಅವನೂ ಬರುತ್ತಾನೆ ಎಂದು ವೆನೆರಾ ಹೇಳುತ್ತಾಳೆ.

ಇದನ್ನು ಓದುತ್ತಿರುವ ತಾಯಂದಿರೇ, ಲಾರಿ ಇಟ್ಟುಕೊಂಡವರೇ, ನಿಮ್ಮ ಮನೆಯಲ್ಲೂ ದೂರದ ಲೋಡು ಇದ್ದರೆ ಒಂದು ದಿನ ಬಿಡುವು ಮಾಡಿಕೊಂಡು ಸಂಘದ ಕಚೇರಿಗೆ ಹೋಗಿ. ನಮ್ಮ ದಾರಿಯಲ್ಲಿ ಎಷ್ಟು ಭಾಗವನ್ನು ಸಮುದ್ರಕ್ಕೆ ಬಿಡಬಹುದು ಎಂದು ಕೇಳಿ. ಆಚೆ ದಡದಲ್ಲಿ ಎಳೆಯುವವರು ಯಾರು, ವಾಪಸ್ ತರಲು ಏನಿದೆ ಎಂದು ಕೇಳಿ. ಒಬ್ಬರೇ ಹೋಗಬೇಡಿ, ನೆರೆಯವರನ್ನೂ ಕರೆದುಕೊಂಡು ಹೋಗಿ. ಹಡಗಿಗೆ ಟ್ರೇಲರನ್ನು ಮಾತ್ರ ಕಳಿಸಿ. ಎಲ್ಲ ಸರಕಿಗೂ ಇದು ಒಗ್ಗುವುದಿಲ್ಲ, ಕೆಲವಕ್ಕೆ ರಸ್ತೆಯೇ ಬೇಕು. ಆದರೆ ಒಂದು ದಿನ ತಡೆಯಬಲ್ಲ ಸರಕಿಗಾಗಿ ಮನೆಯ ಮಗನ ನಿದ್ದೆಯನ್ನು ಬೆಟ್ಟದ ದಾರಿಗೆ ಒಡ್ಡಬೇಡಿ. ಕಿತ್ತಳೆ ಕಾಯುತ್ತದೆ. ಸಂಜೆಯ ಊಟಕ್ಕೆ ಮಗ ಮನೆಗೆ ಬರಲಿ.