ಲುಮಿಂಗಳ ಬಾಗಿಲಿಗೆ ಬಂದ ಶವಪೆಟ್ಟಿಗೆ

ಅಮೆರಿಕದ ಸಿನಿಮಾದವರು ಮನಿಲಾದ ನಮ್ಮ ಓಣಿಯಲ್ಲಿ ಏನೇನನ್ನೋ ಸುಟ್ಟರು, ಒಡೆದರು. ಸಹಿಸಿಕೊಂಡೆವು. ಆದರೆ ಆ ಬೆಳಿಗ್ಗೆ ಲುಮಿಂಗಳ ಬಾಗಿಲೆದುರು ಖಾಲಿ ಶವಪೆಟ್ಟಿಗೆ ತಂದಿಟ್ಟರು ನೋಡಿ, ಅಲ್ಲಿಂದ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಸಾವಿನ ಮನೆಯ ನಡುವೆ ಹೀರೊ ಬೈಕಿನಲ್ಲಿ ನುಗ್ಗುವ ದೃಶ್ಯವಂತೆ.

ನಮ್ಮಲ್ಲಿ ಪೆಟ್ಟಿಗೆಯನ್ನು ಹೆಣದ ಅಳತೆಗೇ ಮಾಡಿಸುವುದು. ಗೇಣು ಜಾಗ ಉಳಿದರೂ ಅದು ಆ ಮನೆಯ ಇನ್ನೊಬ್ಬರನ್ನು ಸಾವಿಗೆ ಕರೆಯುತ್ತದೆ. ಇದೋ, ಪೂರ್ತಿ ಖಾಲಿ. ಲುಮಿಂಗಳ ಗಂಡ ಕ್ರಿಸಾಂತೊ ಹೃದಯದ ಆಪರೇಷನ್ ಮುಗಿಸಿಕೊಂಡು ಮನೆಗೆ ಬರುವುದು ಅವತ್ತೇ.

“ಲೋರ್ನಾ, ನಿನಗೂ ಅಪ್ಪ ಇದಾನಲ್ವಾ? ಎತ್ಸಮ್ಮ ಅದನ್ನ!” ಲುಮಿಂಗ್ ಗೋಗರೆದಳು. ಲೋರ್ನಾ ಸಿನಿಮಾದವರಿಗೂ ನಮಗೂ ನಡುವೆ ಓಡಾಡುವ ನಮ್ಮೂರಿನದೇ ಹುಡುಗಿ.

“ಲುಮಿಂಗಕ್ಕಾ, ಈಗಾಗ್ಲೇ ತೆಗೆದ ಶಾಟಲ್ಲಿ ಪೆಟ್ಟಿಗೆ ಇಲ್ಲೇ ಇದೆ. ಸರಿಸಿದ್ರೆ ಡೈರೆಕ್ಟರ್ ನನ್ನ ಚರ್ಮ ಸುಲೀತಾನೆ.”

ಲುಮಿಂಗಳ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ನಾನು. ಅಂದಿನಿಂದ ನಾವು ಒಬ್ಬರಿಗೊಬ್ಬರು ‘ಮಾರೆ’. ಅವಳ ಗೋಳು ನೋಡಲಾಗದೆ ಅಂಗಡಿ ಬಿಟ್ಟು ಬಂದೆ.

“ಮಾರೆ, ಖಾಲಿ ಇರೋದು ತಾನೇ ತೊಂದರೆ? ತುಂಬಿಸೋಣ.”

“ಏನು, ನಿನ್ನಂಗಡಿ ಅಕ್ಕಿ ಮೂಟೇನಾ?”

“ಬಾಳೆದಿಂಡು. ಅಸ್ವಾಂಗ್ ಪಿಶಾಚಿ ಹೆಣ ಕದ್ದು ಬಾಳೆದಿಂಡು ಇಟ್ಟು ಹೋದ್ರೆ ಮನೆಯವರಿಗೇ ಗೊತ್ತಾಗಲ್ಲ ಅಂತಾರೆ. ಸಾವಿಗೆ ಗೊತ್ತಾಗತ್ತಾ?”

ಚರ್ಚಿನ ಹಿತ್ತಲಿಂದ ದಿಂಡು ಕಡಿದು ತಂದು, ಪೆಟ್ಟಿಗೆಯ ಅಳತೆಗೆ ಸವರಿ ಮಲಗಿಸಿದೆವು. ಸಂದಿಗೆಲ್ಲ ಹಳೇ ಪೇಪರ್ ತುರುಕಿದೆವು.

ಬೈಕು ಬಂತು, ಗುದ್ದಿತು, ಮುಚ್ಚಳ ಹಾರಿತು, ದಿಂಡು ಉರುಳಿತು. ಕೂಲಿಗೆ ಅಳಲು ಕೂತಿದ್ದವರೆಲ್ಲ ನಮ್ಮ ಓಣಿಯವರೇ. “ಅಯ್ಯೋ, ಅಸ್ವಾಂಗ್! ಹೆಣ ಹೊತ್ಕೊಂಡು ಹೋಗಿದೆ!” ಎಂದು ಒಬ್ಬಳು ಕಿರುಚಿದ್ದೇ ತಡ, ಅಲ್ಲಿ ಹೆಣವೇ ಇರಲಿಲ್ಲ ಎಂಬುದನ್ನು ಮರೆತು ಕುರ್ಚಿ ಬೀಳಿಸಿಕೊಂಡು ಓಡಿದರು. ಡೈರೆಕ್ಟರ್ ಕುಣಿದಾಡಿಬಿಟ್ಟ. ಇನ್ನೊಮ್ಮೆ ಬೇಕಂತೆ!

ಪೆಟ್ಟಿಗೆ ಮತ್ತೆ ಬಾಗಿಲಿಗೆ ಬಂತು. ದಿಂಡು ಮಾತ್ರ ಚಕ್ರಕ್ಕೆ ಸಿಕ್ಕಿ ನಾರುನಾರಾಗಿತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕ್ರಿಸಾಂತೊ ಎದೆ ಹಿಡಿದುಕೊಂಡು ಗಾಡಿಯಿಂದ ಇಳಿಯುತ್ತಿದ್ದ. ಲುಮಿಂಗ್ ನನ್ನ ಮುಖ ನೋಡಿದಳು. ಚಪ್ಪಲಿ ಬಿಟ್ಟು, ಲಂಗ ಒತ್ತಿ ಹಿಡಿದು, ತಾನೇ ಹತ್ತಿ ಪೆಟ್ಟಿಗೆಯಲ್ಲಿ ಮಲಗಿಬಿಟ್ಟಳು.

“ಮಾರೆ, ಅವನನ್ನ ಬೇಗ ಒಳಗೆ ಕರ್ಕೊಂಡು ಹೋಗು!”

ಅವನು ಎಲ್ಲಿ ನನ್ನ ಮಾತು ಕೇಳುತ್ತಾನೆ? ಬಂದವನೇ ಬಗ್ಗಿ ನೋಡಿದ. “ಏನೇ, ನನಗೆ ತರಿಸಿದ್ದನ್ನ ನೀನು ಅಳತೆ ನೋಡ್ತಿದೀಯಾ?”

“ಬಾಯಿ ಮುಚ್ಚು. ಒಳಗೆ ಹೋಗು. ಖಾಲಿ ಬಿಟ್ರೆ ಇದು ನಿನ್ನ ಕರೆಯತ್ತೆ.”

“ನೀನು ಮಲಗಿದ್ರೆ ನಿನ್ನ ಕರೆಯಲ್ವಾ?”

“ಕರೀಲಿ.”

ಅವನ ನಗೆ ಇಳಿದುಹೋಯಿತು. ಬಿದ್ದಿದ್ದ ಕುರ್ಚಿಯೊಂದನ್ನು ನೆಟ್ಟಗೆ ಮಾಡಿ, ಪೆಟ್ಟಿಗೆಯ ಪಕ್ಕ ಕೂತುಬಿಟ್ಟ. ಆಚೆಯಿಂದ ಬೈಕು ಗುರ್ ಎನ್ನುತ್ತಿದೆ, ಲೋರ್ನಾ “ಜಾಗ ಬಿಡಿ, ಜಾಗ ಬಿಡಿ” ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದಾಳೆ.

“ಬಿಸಿಲಲ್ಲಿ ಕೂರಬೇಡ ಅಂದಿಲ್ವಾ ಡಾಕ್ಟರ್?” ಪೆಟ್ಟಿಗೆಯೊಳಗಿಂದ ಗದರಿಕೆ.

“ಅಂದಿದಾರೆ. ಅದಕ್ಕೇ ಬೇಗ ಏಳು.” ಅವನು ಕೈ ಚಾಚಿದ. “ಇಬ್ರೂ ಒಟ್ಟಿಗೆ ಹೋಗೋಣ. ಯಾರನ್ನ ಕರೀಬೇಕು ಅಂತ ಅದಕ್ಕೇ ಗೊಂದಲ ಆಗ್ಲಿ.”

ಲುಮಿಂಗ್ ಆ ಕೈ ಹಿಡಿದು ಎದ್ದು, ಪೆಟ್ಟಿಗೆಯಿಂದ ಇಳಿದಳು. ಅವರ ಮನೆ ಬಾಗಿಲು ಒಬ್ಬರಿಗೇ ಇಕ್ಕಟ್ಟು. ಅಡ್ಡಡ್ಡ ತಿರುಗಿ, “ನಿನ್ನ ಹೊಟ್ಟೆ ಎಳ್ಕೊ”, “ನೀನು ನನ್ನ ಹೊಲಿಗೆ ಮುಟ್ಟಬೇಡ” ಎಂದು ಬೈದಾಡುತ್ತ, ಇಬ್ಬರೂ ಒಂದೇ ಹೆಜ್ಜೆಗೆ ಹೊಸ್ತಿಲು ದಾಟಿದರು.